ಆಯ್ಕೆಪಟ್ಟಿಯ ಕನ್ನಡ: ಗಣಕ ಪರಿಚಯದ ಪರಿಭಾಷೆಯನ್ನು ಗಡಿಯಿಂದ ಓದಿದಾಗ

ಕನ್ನಡದಲ್ಲಿ ಗಣಕವನ್ನು ಪರಿಚಯಿಸುವ ಪುಸ್ತಕಗಳಿಗೆ ಒಂದು ನಿಶ್ಚಿತವಾದ ಹಂದರ ಏರ್ಪಟ್ಟಿದೆ. ಮೊದಲ ಅಧ್ಯಾಯದಲ್ಲಿ ಯಂತ್ರಾಂಶ ಮತ್ತು ತಂತ್ರಾಂಶ. ಎರಡನೆಯದರಲ್ಲಿ ಆದಾನ, ಪ್ರದಾನ, ಸ್ಮೃತಿ. ಅನಂತರ ಕಡತ, ಅಂತರಜಾಲ, ಮಿಂಚಂಚೆ. ಇತ್ತೀಚಿನವುಗಳಲ್ಲಿ ಸಾಮಾಜಿಕ ಜಾಲತಾಣ, ಇ-ವಾಣಿಜ್ಯ, ಮೊಬೈಲಿನ ಮೂಲಕ ಹಣಪಾವತಿ. ಕೊಟ್ಟಕೊನೆಗೆ, ಮದುವೆಮನೆಗೆ ತಡವಾಗಿ ಬಂದ ಬಂಧುವಿಗೆ ಎಲೆ ಹಾಕಿದಂತೆ, ‘ಗಣಕದಲ್ಲಿ ಕನ್ನಡ’ ಎಂಬ ಅಧ್ಯಾಯ. ಅಷ್ಟು ಹೊತ್ತಿಗೆ ಗಣಕವೆಂದರೇನು ಎಂಬುದನ್ನು ಓದುಗ ಕಲಿತಾಗಿರುತ್ತದೆ; ಕನ್ನಡವು ಅದರೊಳಗೆ ಆಮೇಲೆ ಸೇರಿಸಿದ ಒಂದು ಸೌಲಭ್ಯವೆಂಬ ಭಾವನೆಯೂ ಅವನಲ್ಲಿ ಬೇರೂರಿರುತ್ತದೆ. ಈ ಅಧ್ಯಾಯಕ್ರಮವೇ ವಿಮರ್ಶೆಗೆ ಯೋಗ್ಯವಾದ ಮೊದಲ ಸಂಗತಿ.

ಈ ಬಗೆಯ ಬರವಣಿಗೆಯ ಹಿಂದಿರುವ ಶ್ರಮವನ್ನು ಕಡೆಗಣಿಸುವಂತಿಲ್ಲ. ಕನ್ನಡ ಅಕ್ಷರಗಳು ಪರದೆಯ ಮೇಲೆ ಮೂಡುವುದೇ ಸಾಹಸವಾಗಿದ್ದ ಕಾಲದಲ್ಲಿ ಕೆ. ಪಿ. ರಾವ್ ಅವರು ಕೀಲಿಮಣೆಯ ವಿನ್ಯಾಸವೊಂದನ್ನು ರೂಪಿಸಿದರು; 1996ರಲ್ಲಿ ಯು. ಬಿ. ಪವನಜರು ‘ವಿಶ್ವಕನ್ನಡ’ವನ್ನು ಅಂತರಜಾಲಕ್ಕೆ ಏರಿಸಿದರು, 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಹೊರಬಂತು, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಕಚೇರಿಗಳಲ್ಲಿ ನೆಲೆಗೊಂಡಿತು. ಪರಿಚಯ ಗ್ರಂಥಗಳು ಈ ಪರಿಶ್ರಮದ ನೆರಳಿನಲ್ಲಿಯೇ ಬೆಳೆದವು. ಆದರೆ ಅವು ಕಲ್ಪಿಸಿಕೊಂಡ ಓದುಗ ಒಬ್ಬನೇ: ಕರ್ನಾಟಕದೊಳಗೆ ಇರುವವನು, ಕನ್ನಡವನ್ನು ಬಲ್ಲವನು, ಇಂಗ್ಲಿಷಿಗೆ ಅಂಜುವವನು. ಕಾಸರಗೋಡಿನಲ್ಲಿ ಮಲಯಾಳದ ನಡುವೆ, ಅಕ್ಕಲಕೋಟೆಯಲ್ಲಿ ಮರಾಠಿಯ ನಡುವೆ, ತಾಳವಾಡಿಯಲ್ಲಿ ತಮಿಳಿನ ನಡುವೆ, ಆದವಾನಿಯಲ್ಲಿ ತೆಲುಗಿನ ನಡುವೆ ಕನ್ನಡವನ್ನು ಓದುವವನು ಆ ಕಲ್ಪನೆಯೊಳಗೆ ಇಲ್ಲ. ಅವನಿಗೆ ಇಂಗ್ಲಿಷು ಎರಡನೆಯ ಭಾಷೆಯಲ್ಲ, ಮೂರನೆಯದು. ಅವನ ಕೈಯಲ್ಲಿ ಈ ಪುಸ್ತಕಗಳನ್ನಿಟ್ಟು ನೋಡಿದರೆ ಅವುಗಳ ಗುಣದೋಷಗಳೆರಡೂ ಬೇರೊಂದು ಬೆಳಕಿನಲ್ಲಿ ಕಾಣುತ್ತವೆ.

ಪರಿಭಾಷೆಯಿಂದಲೇ ಆರಂಭಿಸಬಹುದು. ಯಂತ್ರಾಂಶ, ತಂತ್ರಾಂಶ ಎಂಬ ಜೋಡಿ ಕಿವಿಗೆ ಇಂಪಾಗಿದೆ. ಪತ್ರಿಕೆಗಳಲ್ಲಿ ಗಟ್ಟಿಯಾಗಿ ನಿಂತಿದೆ. ಆದರೆ ಪ್ರಾಸದ ಈ ಚೆಲುವೇ ಅರ್ಥಕ್ಕೆ ತೊಡಕಾಗಿದೆ. ಎರಡೂ ‘ಅಂಶ’ಗಳೆಂದ ಮೇಲೆ ಎರಡೂ ಒಂದೇ ವಸ್ತುವಿನ ಎರಡು ಭಾಗಗಳೆಂದು ವಿದ್ಯಾರ್ಥಿ ತಿಳಿಯುತ್ತಾನೆ. ಒಂದು ಲೋಹ ಮತ್ತು ಸಿಲಿಕಾನಿನದು, ಇನ್ನೊಂದು ಬರೆದದ್ದು. ಒಂದು ಸವೆಯುತ್ತದೆ, ಇನ್ನೊಂದು ನಕಲಾಗುತ್ತದೆ ಎಂಬ ಮೂಲಭೂತ ವ್ಯತ್ಯಾಸ ಪದದೊಳಗೆ ಉಳಿಯುವುದಿಲ್ಲ. ಗಡಿಯ ಓದುಗನಿಗೆ ಇಲ್ಲೊಂದು ಅನುಕೂಲವಿದೆ: ಹೋಲಿಸಿ ನೋಡಲು ಅವನ ಬಳಿ ಇನ್ನೊಂದು ಭಾಷೆಯಿದೆ. ಮರಾಠಿಯಲ್ಲಿ ಬಳಕೆಯಲ್ಲಿರುವ ‘ಆಜ್ಞಾವಲೀ’ ಎಂಬ ಮಾತು ತಂತ್ರಾಂಶವು ಆಜ್ಞೆಗಳ ಸಾಲು ಎಂಬುದನ್ನು ನೇರವಾಗಿ ಹೇಳಿಬಿಡುತ್ತದೆ. ತಮಿಳಿನ ‘ಮೆನ್‌ಪೊರುಳ್’, ‘ವನ್‌ಪೊರುಳ್’ ಇಂಗ್ಲಿಷಿನ ಮೆತ್ತನೆ-ಗಟ್ಟಿ ಎಂಬ ರೂಪಕವನ್ನೇ ತಮ್ಮ ಬೇರುಗಳಿಂದ ಕಟ್ಟಿಕೊಂಡಿವೆ. ಮಲಯಾಳ ಬಹುಮಟ್ಟಿಗೆ ಇಂಗ್ಲಿಷ್ ಪದವನ್ನೇ ಉಳಿಸಿಕೊಂಡು ಮುಂದೆ ಸಾಗಿದೆ. ನಾಲ್ಕು ಭಾಷೆಗಳು ಒಂದೇ ಪರಿಕಲ್ಪನೆಗೆ ಹೀಗೆ ನಾಲ್ಕು ದಾರಿ ಹಿಡಿದಿರುವುದನ್ನು ತೋರಿಸುವುದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿರಲಾರದು. ಕನ್ನಡದ ಪರಿಚಯ ಗ್ರಂಥಗಳು ಮಾತ್ರ ಇಂಗ್ಲಿಷ್ ಪದದ ಎದುರಿಗೆ ಕನ್ನಡ ಪದವನ್ನಿಟ್ಟು ಕೈತೊಳೆದುಕೊಳ್ಳುತ್ತವೆ. ನೆರೆಮನೆಯ ಕಡೆಗೆ ಕಣ್ಣುಹಾಯಿಸುವುದಿಲ್ಲ.

ಇದಕ್ಕೆ ಪ್ರತಿಯಾಗಿ ‘ಕಡತ’ ಎಂಬ ಪದವನ್ನು ನೋಡಬೇಕು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿಯನ್ನು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕರಿಯ ಹೊತ್ತಗೆಯೇ ಕಡತ. ಶಾನುಭೋಗರೂ ವ್ಯಾಪಾರಿಗಳೂ ಮಠಗಳ ಲೆಕ್ಕಿಗರೂ ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದಾಗ ಒರಸಿ, ಮತ್ತೆ ಬರೆಯುತ್ತಿದ್ದರು. ಮುಂದೆ ಸರಕಾರಿ ಕಚೇರಿಯ ಕಾಗದದ ಕಟ್ಟಿಗೆ ಆ ಹೆಸರು ಬಂತು. ಅಲ್ಲಿಂದ ಗಣಕದ ಫೈಲಿಗೆ ಬಂತು. ಪರಿಚಯ ಗ್ರಂಥಗಳು ಕಚೇರಿಯ ಕಡತವನ್ನೇ ನೆನೆದು ಬೀರು, ಕಪಾಟು, ಲಕೋಟೆಗಳ ಚಿತ್ರ ಬರೆಯುತ್ತವೆ. ಆದರೆ ಅಳಿಸಿ ಬರೆಯಬಹುದಾದ, ತನ್ನದೇ ಹೆಸರೂ ಕ್ರಮವೂ ಇರುವ ಗಣಕದ ಕಡತಕ್ಕೆ ಹತ್ತಿರವಾದದ್ದು ಆ ಹಳೆಯ ಕರಿಬಟ್ಟೆಯ ಕಡತವೇ. ಪದವನ್ನು ಆರಿಸಿದವರಿಗೆ ಇದು ಹೊಳೆದಿತ್ತೋ ಇಲ್ಲವೋ, ಪದಕ್ಕಂತೂ ಅದರ ನೆನಪಿದೆ.

‘ಖಾತೆ’ಯದೂ ಇಂಥದೇ ಕಥೆ. ಖಾತೆ, ಜಮಾ, ಬಾಕಿ, ಕಿರ್ದಿ, ಖತಾವಣಿ ಮೊದಲಾದ ಲೆಕ್ಕದ ಮಾತುಗಳು ಕನ್ನಡಕ್ಕೂ ಮರಾಠಿಗೂ ಸಮಾನ. ಸೊಲ್ಲಾಪುರದ ಪೇಟೆಯಲ್ಲಿ ಬೆಳೆದ ಕನ್ನಡಿಗನಿಗೆ ಇವು ಎರವಲೂ ಅಲ್ಲ, ಪರಿಭಾಷೆಯೂ ಅಲ್ಲ. ವ್ಯವಹಾರ ತಂತ್ರಜ್ಞಾನದ ಅಧ್ಯಾಯಗಳು ಈ ಶಬ್ದಸಂಪತ್ತನ್ನು ಬಿಟ್ಟು ‘ವಾಣಿಜ್ಯಿಕ ಅನ್ವಯಿಕ ತಂತ್ರಾಂಶ’ದಂಥ ಭಾರವಾದ ಸಮಾಸಗಳನ್ನು ಹೆಣೆಯುವಾಗ, ಕನ್ನಡವು ಈಗಾಗಲೇ ಬಲ್ಲ ವಿದ್ಯೆಯನ್ನು ಹೊಸದಾಗಿ ಕಲಿಸುವ ವಿಚಿತ್ರ ಸನ್ನಿವೇಶ ಉಂಟಾಗುತ್ತದೆ. ಲೆಕ್ಕಪತ್ರದ ತಂತ್ರಾಂಶವು ಮಾಡುವುದು ಕಿರ್ದಿಯಲ್ಲಿ ಬರೆದದ್ದನ್ನು ಖತಾವಣಿಗೆ ಏರಿಸುವ ಕೆಲಸವನ್ನೇ ಎಂದು ಒಂದು ವಾಕ್ಯದಲ್ಲಿ ಹೇಳಿದರೆ ಅರ್ಧ ಪಾಠ ಮುಗಿಯುತ್ತದೆ.

ಸಾಮಾಜಿಕ ಮಾಧ್ಯಮದ ಅಧ್ಯಾಯದಲ್ಲಿ ಖಾತೆ ಎಂಬ ಈ ಮಾತಿಗೆ ಇನ್ನಷ್ಟು ಬಲವಿದೆ. ಆ ಬಲವನ್ನು ಬಳಸಿಕೊಂಡವರು ವಿರಳ. ವ್ಯಾಪಾರಿಯ ಪುಸ್ತಕದಲ್ಲಿ ಖಾತೆಯೆಂದರೆ ಇಬ್ಬರ ನಡುವಿನ ಕೊಡುಕೊಳ್ಳುವಿಕೆಯ ದಾಖಲೆ. ಫೇಸ್‌ಬುಕ್ಕಿನಲ್ಲಿ ಖಾತೆ ತೆರೆದವನು ಹಣ ಕೊಡುವುದಿಲ್ಲ ನಿಜ. ಆದರೆ ಪುಟದ ಇನ್ನೊಂದು ಮಗ್ಗುಲು ಖಾಲಿಯಾಗಿಲ್ಲ. ಮೆಟಾ ಸಂಸ್ಥೆಯ ಆದಾಯದ ಬಹುಪಾಲು ಬರುವುದು ಜಾಹೀರಾತಿನಿಂದ. ಜಾಹೀರಾತುದಾರನಿಗೆ ಮಾರಲಾಗುವುದು ಖಾತೆದಾರನ ಗಮನ. ಕನ್ನಡದಲ್ಲಿ ರೂಢಿಯಾಗಿರುವ ‘ಸಾಮಾಜಿಕ ಜಾಲತಾಣ’ ಎಂಬ ಹೆಸರು ಇದನ್ನು ಮರೆಮಾಡುತ್ತದೆ. ತಾಣವೆಂದರೆ ತಂಗುವ ಜಾಗ, ಊರಕಟ್ಟೆಯಂಥದು. ಅಲ್ಲಿ ಮಾರಾಟಗಾರನಿದ್ದಾನೆಂದು ಯಾರೂ ಎಣಿಸುವುದಿಲ್ಲ. ಮಲಯಾಳ, ತೆಲುಗು, ಮರಾಠಿಗಳು ‘ಮಾಧ್ಯಮ’ವನ್ನೂ ತಮಿಳು ‘ಊಡಗಂ’ ಎಂಬುದನ್ನೂ ಹಿಡಿದಿವೆ. ಹೀಗಾಗಿ ಗಡಿಯ ವಿದ್ಯಾರ್ಥಿ ನೆರೆಭಾಷೆಯ ಪತ್ರಿಕೆಯಲ್ಲಿ ಮಾಧ್ಯಮವನ್ನೂ ಕನ್ನಡ ಪತ್ರಿಕೆಯಲ್ಲಿ ತಾಣವನ್ನೂ ಓದುತ್ತಾನೆ. ಭಾರತದ ಕಾನೂನು ಬಳಸುವ ಮಾತು ಇವೆರಡಕ್ಕಿಂತ ಸ್ಪಷ್ಟ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯೂ ಅದರಡಿಯ 2021ರ ನಿಯಮಗಳೂ ಈ ಸಂಸ್ಥೆಗಳನ್ನು ಮಧ್ಯವರ್ತಿಗಳೆಂದು ಕರೆಯುತ್ತವೆ. ಆದವಾನಿಯ ಹತ್ತಿ ಮಾರುಕಟ್ಟೆಯನ್ನು ಕಂಡವರಿಗೆ ಮಧ್ಯವರ್ತಿ ಯಾರೆಂದು ವಿವರಿಸಬೇಕಾಗಿಲ್ಲ: ಅವನು ಎರಡೂ ಕಡೆಯವರ ಗರಜನ್ನು ಬಲ್ಲವನು, ಸರಕು ತನ್ನದಲ್ಲವೆನ್ನುವವನು, ದಲ್ಲಾಳಿ ಬಿಡದವನು.

‘ದತ್ತಾಂಶ’ದ ವಿಷಯದಲ್ಲಿಯೂ ಇದೇ ಬಗೆಯ ಮೌನವಿದೆ. ದತ್ತವೆಂದರೆ ಕೊಟ್ಟದ್ದು; ಲ್ಯಾಟಿನ್ ಮೂಲದ ಅರ್ಥವೂ ಅದೇ; ತಮಿಳಿನ ‘ತರವು’ ಕೂಡ ಕೊಡುವ ಧಾತುವಿನಿಂದಲೇ ಬಂದದ್ದು. ಜನಗಣತಿಯವನಿಗೆ ಹೇಳಿದ್ದು ದತ್ತ, ಸರಿ. ಜೇಬಿನಲ್ಲಿರುವ ಮೊಬೈಲು ತಾನಾಗಿ ದಾಖಲಿಸಿಕೊಂಡ ಓಡಾಟದ ಜಾಡು ಯಾವ ಅರ್ಥದಲ್ಲಿ ದತ್ತ? ಪದವನ್ನು ಬದಲಿಸಬೇಕೆಂದಲ್ಲ, ಪದ ಮತ್ತು ವಸ್ತುಸ್ಥಿತಿಯ ನಡುವಿನ ಬಿರುಕನ್ನು ತೋರಿಸುವುದು ಪರಿಚಯ ಗ್ರಂಥದ ಕೆಲಸ.

ಕೊನೆಯ ಅಧ್ಯಾಯಕ್ಕೆ ಬಂದರೆ ಅಲ್ಲಿಯ ಕೊರತೆ ಇನ್ನೂ ಗಂಭೀರವಾದದ್ದು. ಅಕ್ಷರದ ಆಕಾರ ಬೇರೆ, ಅಕ್ಷರದ ಸಂಕೇತ ಬೇರೆ ಎಂಬುದನ್ನು ಬಹಳಷ್ಟು ಪುಸ್ತಕಗಳು ಬಿಡಿಸಿ ಹೇಳುವುದಿಲ್ಲ. ಹಳೆಯ ನುಡಿ, ಬರಹ, ಶ್ರೀಲಿಪಿಗಳ ಅಕ್ಷರಶೈಲಿಗಳಲ್ಲಿ ಯಂತ್ರದ ಮಟ್ಟಿಗೆ ಇದ್ದದ್ದು ರೋಮನ್ ಸಂಕೇತಗಳೇ. ಅವುಗಳಿಗೆ ಕನ್ನಡದ ತುಂಡುಗಳ ವೇಷ ತೊಡಿಸಲಾಗಿತ್ತು. ವೇಷ ಕಳಚಿದರೆ ಉಳಿಯುವುದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಒಂದೇ ಭಾಷೆಯ ಕಚೇರಿಗೆ ಇದು ಕಿರಿಕಿರಿ, ದ್ವಿಭಾಷಿಕನಿಗೆ ವಿಪತ್ತು. ಕನ್ನಡವೂ ಮಲಯಾಳವೂ ಇರುವ ಒಂದು ಅರ್ಜಿಯಲ್ಲಿ, ಅಥವಾ ಕನ್ನಡ ಪದಕ್ಕೆ ಮರಾಠಿ ಅರ್ಥ ಕೊಟ್ಟ ಒಂದು ಶಬ್ದಕೋಶದಲ್ಲಿ, ಒಂದೇ ಸಂಕೇತವು ಇಲ್ಲಿ ಕನ್ನಡದ ತುಂಡಾಗಿಯೂ ಅಲ್ಲಿ ಇನ್ನೊಂದು ಲಿಪಿಯ ತುಂಡಾಗಿಯೂ ನಿಂತಿರುತ್ತದೆ. ಶೈಲಿಯ ಮಾಹಿತಿ ಕಳೆದುಹೋದ ಕ್ಷಣ ಯಾವುದು ಯಾವ ಭಾಷೆಯೆಂದು ಹೇಳುವ ಉಪಾಯವೇ ಇರುವುದಿಲ್ಲ. ಗಡಿನಾಡಿನ ಜಾನಪದ ಸಂಗ್ರಹಗಳು, ಕ್ಷೇತ್ರಕಾರ್ಯದ ಟಿಪ್ಪಣಿಗಳು, ಸಂಶೋಧನ ಪ್ರಬಂಧಗಳು ಹೀಗೆ ಹಳೆಯ ಶೈಲಿಗಳಲ್ಲಿ ಸಿಕ್ಕಿಕೊಂಡಿದ್ದರೆ ಅವು ಹುಡುಕಾಟಕ್ಕೆ ದೊರೆಯುವುದಿಲ್ಲ. ಹುಡುಕಾಟಕ್ಕೆ ದೊರೆಯದ್ದು ಇಂದಿನ ವಿದ್ವತ್ತಿನಲ್ಲಿ ಇಲ್ಲದಿದ್ದಂತೆಯೇ.

ಯೂನಿಕೋಡು ಇದನ್ನು ಬದಲಿಸಿದ ಬಗೆ ಗಡಿಯ ಓದುಗನಿಗೆ ವಿಶೇಷವಾಗಿ ಅರ್ಥಪೂರ್ಣ. ಭಾರತೀಯ ಮಾನಕವಾದ ಇಸ್ಕಿಯಲ್ಲಿ ಎಲ್ಲ ಬ್ರಾಹ್ಮೀಮೂಲದ ಲಿಪಿಗಳಿಗೂ ಒಂದೇ ಸಂಕೇತಕೋಷ್ಟಕವಿತ್ತು. ಕನ್ನಡದ ಕಕಾರಕ್ಕೂ ದೇವನಾಗರಿಯ ಕಕಾರಕ್ಕೂ ಸಂಖ್ಯೆ ಒಂದೇ. ಯೂನಿಕೋಡು ಲಿಪಿಗಳನ್ನು ಬೇರ್ಪಡಿಸಿ ಒಂದೊಂದಕ್ಕೂ 128 ಮನೆಗಳ ಒಂದೊಂದು ಕೇರಿಯನ್ನು ಕೊಟ್ಟಿತು. ಒಳಗಿನ ಮನೆಗಳ ಕ್ರಮವನ್ನು ಮಾತ್ರ ಬಹುಮಟ್ಟಿಗೆ ಇಸ್ಕಿಯದನ್ನೇ ಉಳಿಸಿತು. ಆದ್ದರಿಂದ ಕನ್ನಡದ ಕಕಾರದಿಂದ ಮಲಯಾಳದ ಕಕಾರಕ್ಕೆ ಸರಿಯಾಗಿ 128 ಹೆಜ್ಜೆ ಮುಂದೆ, ತೆಲುಗಿನ ಕಕಾರಕ್ಕೆ ಅಷ್ಟೇ ಹೆಜ್ಜೆ ಹಿಂದೆ. ಕೋಷ್ಟಕದಲ್ಲಿಯೂ ಕನ್ನಡದ ಒಂದು ಮಗ್ಗುಲಿಗೆ ತೆಲುಗು, ಇನ್ನೊಂದಕ್ಕೆ ಮಲಯಾಳ. ಭೂಪಟದಲ್ಲಿರುವ ನೆರೆಹೊರೆ ಇಲ್ಲಿಯೂ ಇದೆ, ಅದೂ ಗಡಿತಕರಾರಿಲ್ಲದೆ.

ಈ ಕೋಷ್ಟಕ ದೋಷರಹಿತವೇನಲ್ಲ. ಹಳಗನ್ನಡದ ೞ ಅಕ್ಷರಕ್ಕೆ ಯೂನಿಕೋಡು ಕೊಟ್ಟ ಅಧಿಕೃತ ಹೆಸರು ‘ಕನ್ನಡ ಅಕ್ಷರ ಫ’ ಎಂಬರ್ಥದ್ದು. ಇದು ತಪ್ಪೆಂದು ಮಾನಕವೇ ಟಿಪ್ಪಣಿ ಬರೆದುಕೊಂಡಿದೆ. ಆದರೆ ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅದರ ನಿಯಮವಾದ್ದರಿಂದ ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಿ ತೃಪ್ತಿಪಟ್ಟಿದೆ. ಕರ್ನಾಟಕದೊಳಗಿನ ಬಹುತೇಕ ಓದುಗರಿಗೆ ಇದು ಶಾಸನಶಾಸ್ತ್ರದ ಕುತೂಹಲ. ಕಾಸರಗೋಡು, ವಯನಾಡು, ನೀಲಗಿರಿಗಳಲ್ಲಿ ಹಾಗಲ್ಲ. ಕನ್ನಡವು ಬಿಟ್ಟುಕೊಟ್ಟ ಆ ಧ್ವನಿ ಅಲ್ಲಿ ನೆರೆಭಾಷೆಯ ಬಾಯಲ್ಲಿ ಪ್ರತಿದಿನ ಕೇಳುತ್ತದೆ. ಆದರೂ ಕನ್ನಡ ಪತ್ರಿಕೆಗಳು ಕೋಝಿಕ್ಕೋಡ್, ಆಲಪ್ಪುಝ ಎಂದೇ ಅಚ್ಚಿಸುತ್ತವೆ. ಇಂಗ್ಲಿಷಿನವರು ಆ ಧ್ವನಿಗೆ ಜೋಡಿಸಿದ ಎರಡು ರೋಮನ್ ಅಕ್ಷರಗಳನ್ನು ಓದಿ ಕನ್ನಡಕ್ಕೆ ತಂದುಕೊಂಡ ಝಕಾರವದು. ಪಕ್ಕದ ಮನೆಯ ಹೆಸರನ್ನು ಲಂಡನ್ನಿನ ದಾರಿಯಾಗಿ ಬಂದು ಕರೆಯುವ ಈ ಸರ್ಕಸ್ಸಿಗೆ ಬೇಕಾದ ಪರಿಹಾರ ಕನ್ನಡದ ಕೋಷ್ಟಕದಲ್ಲಿಯೇ, ತಪ್ಪು ಹೆಸರಿನಡಿಯಲ್ಲಿ, ಕುಳಿತಿದೆ.

ಕೀಲಿಮಣೆಯ ವಿಷಯದಲ್ಲಿ ಪರಿಚಯ ಗ್ರಂಥಗಳ ಕರ್ನಾಟಕ ಕೇಂದ್ರಿತತೆ ನೇರವಾಗಿಯೇ ಹಾನಿ ಮಾಡುತ್ತದೆ. ಅವು ಕಲಿಸುವುದು ಕೆ. ಪಿ. ರಾವ್ ವಿನ್ಯಾಸವನ್ನು. ಕರ್ನಾಟಕ ಸರಕಾರ ಒಪ್ಪಿಕೊಂಡ, ರೋಮನ್ ಅಕ್ಷರಗಳ ಧ್ವನಿಯನ್ನು ಆಧರಿಸಿದ, ಬಹು ಜಾಣ್ಮೆಯ ವಿನ್ಯಾಸ ಅದು. ಕೇರಳದ ಶಾಲೆಗಳಲ್ಲಿ ಐಟಿ@ಸ್ಕೂಲ್ ಯೋಜನೆಯ ಕಾಲದಿಂದ, 2017ರ ಅನಂತರ ಕೈಟ್ ಸಂಸ್ಥೆಯಾದ ಮೇಲೂ, ಮುಕ್ತ ತಂತ್ರಾಂಶದ ಜೊತೆಗೆ ಮಕ್ಕಳು ರೂಢಿಸಿಕೊಳ್ಳುವುದು ಇನ್‌ಸ್ಕ್ರಿಪ್ಟ್. ಭಾರತ ಸರಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ರೂಪಿಸಿದ ಈ ವಿನ್ಯಾಸದಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ಮುಖ್ಯವಾಗಿ, ಮಲಯಾಳದ ಕಕಾರಕ್ಕೆ ಒತ್ತುವ ಕೀಲಿಯೇ ಕನ್ನಡದ, ತಮಿಳಿನ, ದೇವನಾಗರಿಯ ಕಕಾರಕ್ಕೂ. ಒಂದು ಲಿಪಿಯಲ್ಲಿ ಪಳಗಿದ ಬೆರಳು ಉಳಿದ ಲಿಪಿಗಳಲ್ಲಿ ಬಹುಪಾಲು ಪಳಗಿದಂತೆಯೇ. ಎರಡು ಭಾಷೆಗಳಲ್ಲಿ ಬರೆಯಬೇಕಾದವನಿಗೆ ಇದಕ್ಕಿಂತ ಮಿತವ್ಯಯದ ದಾರಿಯಿಲ್ಲ. ಏಕಭಾಷಿಕನಿಗೆ ಕೆ. ಪಿ. ರಾವ್ ವಿನ್ಯಾಸ ಸುಲಭವೆಂಬ ಮಾತು ಎಷ್ಟು ನಿಜವೋ ದ್ವಿಭಾಷಿಕನಿಗೆ ಇನ್‌ಸ್ಕ್ರಿಪ್ಟ್ ಲಾಭದಾಯಕವೆಂಬುದೂ ಅಷ್ಟೇ ನಿಜ. ಪುಸ್ತಕಗಳಲ್ಲಿ ಎರಡನೆಯದಕ್ಕೆ ಸಿಗುವ ಜಾಗ ಸಾಮಾನ್ಯವಾಗಿ ಒಂದು ವಾಕ್ಯ.

ಇಷ್ಟೆಲ್ಲದರ ತಳದಲ್ಲಿ ಇನ್ನೊಂದು ಪರಿಕಲ್ಪನೆಯಿದೆ. ಅದನ್ನು ಈ ಗ್ರಂಥಗಳು ಪ್ರಶ್ನಿಸದೆ ಸ್ವೀಕರಿಸಿವೆ. ಭಾಷೆಯೆಂಬುದು ಯಂತ್ರದ ಒಂದು ಆಯ್ಕೆ: ಪಟ್ಟಿಯನ್ನು ತೆರೆ, ಒಂದನ್ನು ಒತ್ತು, ಮುಗಿಯಿತು. ವ್ಯವಹಾರದ ಜಗತ್ತಿನಲ್ಲಿ ಈ ಪಟ್ಟಿ ಇನ್ನಷ್ಟು ಕುಗ್ಗುತ್ತದೆ. ಹಣ ತೆಗೆಯುವ ಯಂತ್ರದಲ್ಲಿ ಸಾಮಾನ್ಯವಾಗಿ ಇಂಗ್ಲಿಷು, ಹಿಂದಿ ಮತ್ತು ಆ ರಾಜ್ಯದ ಭಾಷೆ. ಅರ್ಜಿಯಲ್ಲಿ ರಾಜ್ಯವನ್ನು ಆರಿಸಿದೊಡನೆ ಭಾಷೆ ತಾನೇ ನಿರ್ಧಾರವಾಗುವುದು ಅಪರೂಪವೇನಲ್ಲ. ಕೇರಳವೆಂದು ಒತ್ತಿದ ಮಂಜೇಶ್ವರದವನಿಗೆ, ಮಹಾರಾಷ್ಟ್ರವೆಂದು ಒತ್ತಿದ ಜತ್ತದವನಿಗೆ ಕನ್ನಡ ಪಟ್ಟಿಯಿಂದಲೇ ಮಾಯವಾಗುತ್ತದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುವ 350ಎ ವಿಧಿಯನ್ನು 1956ರಲ್ಲಿ ಸಂವಿಧಾನಕ್ಕೆ ಸೇರಿಸಿದಾಗ ರಾಜ್ಯದ ಗಡಿಯೂ ಭಾಷೆಯ ಗಡಿಯೂ ಒಂದೇ ಅಲ್ಲವೆಂಬುದು ಶಾಸನಕರ್ತರಿಗೆ ತಿಳಿದಿತ್ತು. ಅರ್ಜಿಯನ್ನು ವಿನ್ಯಾಸಗೊಳಿಸಿದವನಿಗೆ ಅದು ತಿಳಿದಂತಿಲ್ಲ.

ಇದು ತಂತ್ರಜ್ಞಾನದ ಅನಿವಾರ್ಯತೆಯೆಂದು ಹೇಳುವವರು ತಂತ್ರಜ್ಞಾನವನ್ನೇ ತಪ್ಪಾಗಿ ಓದಿದ್ದಾರೆ. ಅಂತಾರಾಷ್ಟ್ರೀಯ ಮಾನಕದಲ್ಲಿ ಕನ್ನಡಕ್ಕಿರುವ ಗುರುತು ಎರಡು ರೋಮನ್ ಅಕ್ಷರಗಳದ್ದು; ಅದಕ್ಕೆ ಪ್ರದೇಶವನ್ನು ಜೋಡಿಸುವಾಗಲೂ ರೂಢಿಯಲ್ಲಿರುವುದು ‘ಕನ್ನಡ-ಭಾರತ’ ಎಂಬ ಜೋಡಿಯೇ. ಕರ್ನಾಟಕದ ಹೆಸರು ಅಲ್ಲೆಲ್ಲಿಯೂ ಬರುವುದಿಲ್ಲ. ಸಂಕೇತಕ್ಕೆ ರಾಜ್ಯದ ಹಂಗಿಲ್ಲ. ಆ ಹಂಗನ್ನು ಕಟ್ಟುವುದು ಅರ್ಜಿಯ ವಿನ್ಯಾಸ. ಇನ್ನೂ ಮುಖ್ಯವಾದದ್ದು, ಭಾಷೆಯನ್ನು ಒಂದೇ ಒಂದು ಆಯ್ಕೆಯಾಗಿ ಕಾಣಬೇಕೆಂಬ ಕಟ್ಟುಪಾಡೂ ಇಲ್ಲ. ಜಾಲದರ್ಶಕವು ಪುಟವನ್ನು ಕೇಳುವಾಗ ಬಳಕೆದಾರನ ಭಾಷೆಗಳನ್ನು ಆದ್ಯತೆಯ ಅಂಕಗಳೊಡನೆ ಸಾಲಾಗಿ ಕಳಿಸುವ ವ್ಯವಸ್ಥೆ ಕಳೆದ ಶತಮಾನದ್ದು: ಮೊದಲು ಕನ್ನಡ, ಸಿಗದಿದ್ದರೆ ಮರಾಠಿ, ಅದೂ ಇಲ್ಲವಾದರೆ ಇಂಗ್ಲಿಷ್. 2016ರ ಆಂಡ್ರಾಯ್ಡ್ 7ನೆಯ ಆವೃತ್ತಿಯಿಂದ ಮೊಬೈಲಿನಲ್ಲಿಯೂ ಹೀಗೆ ಭಾಷೆಗಳ ಸಾಲನ್ನು ಇಡಬಹುದು. ದ್ವಿಭಾಷಿಕನ ಮನಸ್ಸು ಕೆಲಸ ಮಾಡುವುದೂ ಹೀಗೆಯೇ. ಗಡಿನಾಡಿನ ಯಾವ ಕನ್ನಡಿಗನೂ ಮರಾಠಿಯನ್ನೋ ಮಲಯಾಳವನ್ನೋ ‘ಆರಿಸಿ’ ಕನ್ನಡವನ್ನು ‘ತ್ಯಜಿಸು’ವುದಿಲ್ಲ. ಯಂತ್ರ ಬಲ್ಲ ಈ ಸಂಗತಿಯನ್ನು ಯಂತ್ರದ ಪರಿಚಯ ಮಾಡಿಕೊಡುವ ಪುಸ್ತಕ ಹೇಳದಿರುವುದು ಸಣ್ಣ ಲೋಪವಲ್ಲ. ಕೇಳಬಹುದಾದದ್ದು ಏನೆಂದು ತಿಳಿಯದವನು ಕೇಳುವುದನ್ನೇ ಬಿಡುತ್ತಾನೆ.

ಬಡಗ, ತುಳು, ಹವ್ಯಕ ಮಾತುಗಳ ಪಾಡು ಇನ್ನೊಂದು ಬಗೆಯದು. ಬಡಗಕ್ಕೂ ತುಳುವಿಗೂ ಮಾನಕದಲ್ಲಿ ಪ್ರತ್ಯೇಕ ಗುರುತುಗಳಿವೆ. 2016ರಿಂದ ತುಳುವಿನಲ್ಲಿ ವಿಕಿಪೀಡಿಯವಿದೆ, 2024ರ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿಯೂ ಸೇರಿದೆ. ಹವ್ಯಕಕ್ಕೆ ಅಂಥ ಗುರುತಿಲ್ಲ. ಕನ್ನಡ ಲಿಪಿಯಲ್ಲಿ ಬರೆದದ್ದನ್ನೆಲ್ಲ ಕನ್ನಡವೆಂದೇ ಎಣಿಸುವ ಯಂತ್ರಕ್ಕೆ ಹವ್ಯಕದ ಒಂದು ವಾಕ್ಯ ಕಾಣುವುದು ತಪ್ಪುಗಳಿಂದ ತುಂಬಿದ ಕನ್ನಡದಂತೆ. ತಿದ್ದುಪಡಿ ಸೂಚಿಸುವ ಕೆಂಪುಗೆರೆ ಇಲ್ಲಿ ಕಾಗುಣಿತದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಗುರುತು ಬೇರೆ, ಹೆಸರು ಬೇರೆ ಎಂಬುದು ದತ್ತಸಂಚಯದ ಮೊದಲ ಪಾಠ. ಪರಿಚಯ ಗ್ರಂಥಗಳು ಇದನ್ನು ವಿದ್ಯಾರ್ಥಿಯ ಹಾಜರಿ ಸಂಖ್ಯೆಯ ಉದಾಹರಣೆಯಿಂದ ಬೇಗನೆ ಮುಗಿಸಿಬಿಡುತ್ತವೆ. ಗಡಿಯಲ್ಲಿ ಇದಕ್ಕೆ ಊರುಗಳಷ್ಟು ಉದಾಹರಣೆಗಳಿವೆ. ಕುಂಬಳೆ ಮಲಯಾಳದಲ್ಲಿ ಕುಂಬಳ. ಅಕ್ಕಲಕೋಟೆ ಮರಾಠಿಯಲ್ಲಿ ಅಕ್ಕಲಕೋಟ. ಆದವಾನಿ ತೆಲುಗಿನಲ್ಲಿ ಆದೋನಿ. ಹೊಸೂರು ತಮಿಳಿನಲ್ಲಿ ಓಸೂರ್. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಒಂದು ಊರಿನ ಬಿಂದುವಿಗೆ ಭಾಷೆಗೊಂದರಂತೆ ಎಷ್ಟು ಹೆಸರುಗಳನ್ನಾದರೂ ತಗುಲಿಸಬಹುದು. ವಿಕಿಡೇಟಾದಲ್ಲಿ ಊರು ಒಂದು ಸಂಖ್ಯೆ, ಹೆಸರುಗಳು ಅದರ ಮೇಲಿನ ಚೀಟಿಗಳು. ಯಾವ ಹೆಸರೂ ಇನ್ನೊಂದನ್ನು ಅಳಿಸುವುದಿಲ್ಲ. ಕನ್ನಡದ ಹೆಸರನ್ನು ಸೇರಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರಕಾರಗಳ ನಿರ್ದೇಶಿಕೆಯೂ ಪ್ರತಿ ಹಳ್ಳಿಗೆ ಒಂದು ಸಂಖ್ಯೆಯನ್ನು ಕೊಟ್ಟಿದೆ. ಸಂಖ್ಯೆಯ ಪಕ್ಕದಲ್ಲಿ ಇಂಗ್ಲಿಷಿನ ಹೆಸರಿಗೆ ಒಂದು ಮನೆ, ಸ್ಥಳೀಯ ಭಾಷೆಯ ಹೆಸರಿಗೆ ಒಂದು ಮನೆ. ಸ್ಥಳೀಯ ಭಾಷೆ ಎಂಬುದು ಅಲ್ಲಿ ಏಕವಚನ.